ತೆಗೆಯದೇ ಉಳಿದ ಜೀನ್

ಹಾಸ್ಟೆಲ್, ಎರಡನೇ ಮಹಡಿ
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊಣಕೈಯ ಸುಟ್ಟ ಗಾಯ ವಾಸಿಯಾಯಿತೇ? ಅಲೆ ಎದ್ದಾಗಲಾದರೂ ಹಡಗಿನ ಒಲೆಯಿಂದ ದೂರ ನಿಲ್ಲು ಎಂದರೆ ನೀನು ಕೇಳುವ ಪೈಕಿಯಲ್ಲ. ಅಮ್ಮ ಆರಾಮವಾಗಿದ್ದಾಳೆ, ನಿನ್ನ ಫೋನು ಸಿಗದಿದ್ದಾಗ ನನ್ನ ಮೇಲೆ ರೇಗುತ್ತಾಳೆ, ಅಷ್ಟೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆದು, ಹೊಡೆದುಹಾಕಿದೆ.

ನೀನು ಬ್ರೆಡ್ಡಿಗೆ ಹಾಕುವ ಯೀಸ್ಟಿನ ಮೇಲೆಯೇ ನನ್ನ ಸಂಶೋಧನೆ ಎಂದಾಗ, "ಅದಕ್ಕೂ ಡಾಕ್ಟರೇಟ್ ಕೊಡ್ತಾರಾ?" ಎಂದು ನಕ್ಕಿದ್ದೆಯಲ್ಲ. ಅದರ ಒಂದು ಜೀವಕೋಶದಲ್ಲಿ ಸುಮಾರು ಆರು ಸಾವಿರ ಜೀನ್‌ಗಳಿವೆ ಅಪ್ಪಾ. ಯಾವುದು ಏಳಬೇಕು, ಯಾವುದು ಸುಮ್ಮನಿರಬೇಕು ಎಂದು ನೋಡಿಕೊಳ್ಳುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತೇವೆ. ನನ್ನದು ಅವುಗಳಲ್ಲೊಂದು. ಉಪ್ಪು ಹೆಚ್ಚಾದರೆ ಸಾಕು, ಅದು ಕೋಶದ ಕೇಂದ್ರಕ್ಕೆ ನುಗ್ಗಿ, ಡಿಎನ್ಎ ಮೇಲೆ ಕೂತು, ಕೋಶವನ್ನು ಕಾಪಾಡುವ ಜೀನ್‌ಗಳನ್ನು ಎಬ್ಬಿಸುತ್ತದೆ. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದರೂ ಯೀಸ್ಟು ಉಪ್ಪಿನಲ್ಲಿ ಬದುಕಿತು ಎಂದು ಎರಡು ವರ್ಷದ ಹಿಂದೆ ನಾವು ಪ್ರಕಟಿಸಿದೆವು. ಹಾಗಾದರೆ ಅದನ್ನು ಕಾಪಾಡಿದ್ದು ಯಾವುದು ಎಂದು ಹುಡುಕುತ್ತ ನಮ್ಮ ಲ್ಯಾಬಿನ ಸೀನಿಯರ್ ತನ್ನ ಡಾಕ್ಟರೇಟಿನ ಇಡೀ ಪ್ರಬಂಧ ಬರೆದಿದ್ದಾನೆ. ನಾವೆಲ್ಲ ಅವನನ್ನು ದೊಡ್ಡಣ್ಣ ಎನ್ನುತ್ತೇವೆ. ಹನಿ ಹನಿ ಅಳೆದು ಹಾಕುವ ಪಿಪೆಟ್ ಹಿಡಿಯಲು ನನಗೆ ಕಲಿಸಿದವನೇ ಅವನು. ಪ್ರಬಂಧ ಶುಕ್ರವಾರ ಸಲ್ಲಿಕೆ.

ಬೇರೊಂದು ಲ್ಯಾಬಿನವರು ಆ ಯೀಸ್ಟನ್ನು ಕೇಳಿದ್ದರು. ಕಳಿಸುವ ಮುಂಚೆ ಪರೀಕ್ಷಿಸಿದರೆ, ತೆಗೆದಿದ್ದೇವೆಂದುಕೊಂಡ ಜೀನ್ ತನ್ನ ಜಾಗದಲ್ಲೇ ಇದೆ! ನಿನ್ನೆಯಿಂದ ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಂದರೆ ನಾವು ಪ್ರಕಟಿಸಿದ್ದೂ ತಪ್ಪು, ದೊಡ್ಡಣ್ಣನ ಪ್ರಬಂಧವೂ ತಪ್ಪು. ಆ ಪ್ರಯೋಗಕ್ಕೂ ಮುಂಚೆ, ಫ್ರೀಜರ್ ಕೆಟ್ಟ ದಿನ ಯೀಸ್ಟಿನ ಟ್ಯೂಬುಗಳಿಗೆ ಹೊಸ ಚೀಟಿ ಅಂಟಿಸಿದವಳು ನಾನು. ಅದಲುಬದಲು ಮಾಡಿದ್ದೂ ನಾನೇ ಇರಬೇಕು. ಊಟಕ್ಕೆ ಕೂತಾಗ ದೊಡ್ಡಣ್ಣ, "ಯಾಕೆ ಮುಖ ಹೀಗ್ ಮಾಡ್ಕೊಂಡಿದೀಯ? ಶುಕ್ರವಾರ ಒಂದ್ ಕಳೀಲಿ, ಎಲ್ರಿಗೂ ಪಾರ್ಟಿ ನಂದೇ" ಎಂದ. ತಟ್ಟೆ ಎತ್ತಿಕೊಂಡು ಎದ್ದು ಬಂದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ನನಗೆ ನನ್ನದೇ ಭಯ ಅಪ್ಪಾ.

ಮುಂದಿನ ಬಂದರಿನಲ್ಲಿ ಇದು ನಿನ್ನ ಕೈ ಸೇರುವ ಹೊತ್ತಿಗೆ ಏನಾಗಬೇಕೋ ಅದು ಆಗಿರುತ್ತದೆ. ಅಮ್ಮನಿಗೆ ಸದ್ಯಕ್ಕೆ ಏನೂ ಹೇಳಬೇಡ. ಹುಷಾರಾಗಿರು.

ನಿನ್ನ
ಪುಟಾಣಿ

ಮ.ವಿ.: ಲಕೋಟೆ ಅಂಟಿಸದೆ ದೊಡ್ಡಣ್ಣನ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯುತ್ತಾನೆ, ಅಳುತ್ತಾನೆ ಎಂದುಕೊಂಡಿದ್ದೆ. ಎದ್ದು ಹೋಗಿ ಬಾಗಿಲು ಹಾಕಿದ. "ನಂಗೆ ಹೋದ್ ವರ್ಷಾನೇ ಗೊತ್ತಿತ್ತು. ಚೀಟಿ ಅಂಟ್ಸಿದ್ದು ನೀನು, ಬಾಯ್ಬಿಟ್ರೆ ಸಿಕ್ಕಿಬೀಳೋದೂ ನೀನೇ, ನೆನಪಿರ್ಲಿ" ಎಂದ. ಈಗ ಎಲ್ಲವನ್ನೂ ಹೇಳಲು ಬಂದು, ನಮ್ಮ ಲ್ಯಾಬ್ ನಡೆಸುವ ಮೇಡಂ ಕೋಣೆಯ ಹೊರಗೆ, ಗೋಡೆಗೆ ಕಾಗದ ಒತ್ತಿ ಬರೆಯುತ್ತಿದ್ದೇನೆ. ಬಾಗಿಲು ತಟ್ಟಿಯಾಯಿತು. "ಬಾ ಒಳಗೆ" ಅಂದರು.