ಕರಣಿ ಪಾಠಕ್ಕೆ ಎರಡು ಎತ್ತು

ದೇವದುರ್ಗ
12 ಜುಲೈ 1982, ಸೋಮವಾರ

ಸ್ಟೋವ್ ಇವತ್ತೂ ಕೈಕೊಟ್ಟಿತು. ಅರ್ಧ ಕುದಿದ ಚಹಾ ಕುಡಿದು ಶಾಲೆಗೆ. ಹತ್ತನೆಯ ತರಗತಿಯ ಹುಡುಗಿಯರಿಗೆ ಕರಣಿ, ಅಂದರೆ ವರ್ಗಮೂಲದ ಲೆಕ್ಕ, ಶುರು. √72 ಸಂಕ್ಷೇಪಿಸಿ ಅಂದೆ. ಎಲ್ಲರೂ ನನ್ನನ್ನೇ ನೋಡುತ್ತ ಕೂತರು.

ಆಮೇಲೆ ಹೆಡ್‌ಮಾಸ್ತರ್ ಶಂಭುಲಿಂಗಪ್ಪನವರು ಕರೆದರು. "ದುರುಗಮ್ಮ ಟೀಚರ್, ಶುಕ್ರವಾರ ರಾಯಚೂರಿಂದ ಇನ್‌ಸ್ಪೆಕ್ಟರ್ ಬರಾಕತ್ಯಾರ. ನಿಮ್ಮ ಗಣಿತ ಪಾಠ ನೋಡ್ತಾರ. ಸರಿ ಆಗಲಿಲ್ಲಂದ್ರ ಹತ್ತನೇದು ವೆಂಕೋಬ ಮಾಸ್ತರಿಗೆ ಕೊಡ್ತೀನಿ. ನೀವು ಹೊಲಿಗಿ ಪೀರಿಯಡ್ ತಗೊಳ್ರಿ."

ಹೊಲಿಗೆಯಂತೆ. ನನಗೆ ನೆಟ್ಟಗೆ ಗುಂಡಿ ಹಚ್ಚಲೂ ಬರುವುದಿಲ್ಲ. ಬಿ.ಎಸ್ಸಿ. ಗಣಿತದಲ್ಲಿ ಫಸ್ಟ್ ಕ್ಲಾಸ್ ಬಂದದ್ದು ಗುಂಡಿ ಹಚ್ಚಿ ಅಲ್ಲ. ಬಿಟ್ಟುಕೊಡುವುದಿಲ್ಲ.

13 ಜುಲೈ

ಉಪಾಯ ಹೊಳೆಯಿತು. ನಮ್ಮೂರು ಕುರ್ಡಿಯಲ್ಲಿ ಅಪ್ಪನಿಗೆ ಒಂದೇ ಎತ್ತು. ಪಕ್ಕದ ಮನೆಯ ಆದೆಪ್ಪ ಕಾಕಾನಿಗೂ ಒಂದೇ. ಬಿತ್ತನೆ ಬಂತೆಂದರೆ ಎರಡನ್ನೂ ಕೂಡಿಸಿ ಹೂಡುತ್ತಾರೆ — ಇವತ್ತು ಅವರ ಹೊಲ, ನಾಳೆ ನಮ್ಮದು.

ಬೋರ್ಡಿನ ಮೇಲೆ ಬರೆದೆ: 72 = 2×2×2×3×3. ವರ್ಗಮೂಲದ ಚಿಹ್ನೆ ಅಂದರೆ ಕೊಟ್ಟಿಗೆ, ಒಳಗಿನ ಅಂಕಿಗಳೇ ಎತ್ತು. ಜೋಡಿ ಸಿಕ್ಕರೆ ಹೊರಗೆ, ಒಂಟಿಯಾದರೆ ಒಳಗೇ. ಮುಖಗಳು ಅರಳಿದವು. ನನಗೂ ಕೋಡು ಮೂಡಿತು.

ಒಕ್ಕಲುತನದ ಮನೆಯ ನೀಲಗಂಗಮ್ಮ ಎದ್ದು ಬಂದು ಬರೆದಳು — 2×2×3×3√2. ಅಂದರೆ 36√2.

"ಹೆಂಗಲೇ?"

"ನೀವss ಹೇಳಿದ್ರಲ್ರೀ ಟೀಚರ್. ಜೋಡಿ ಹೊರಗ ಬಿಟ್ರ ಎರಡೂ ಎತ್ತು ಬರ್ತಾವ. ಒಂದss ಬಂದ್ರ ಹೂಡೋದು ಹೆಂಗ್ರೀ?"

ನೋಡಿದರೆ ಎಲ್ಲರ ನೋಟ್‌ಬುಕ್ಕಿನಲ್ಲೂ 36√2! ಉತ್ತರ ತಪ್ಪು; ದಾರಿ ತಪ್ಪಿಸಿದ್ದು ನನ್ನ ಎತ್ತುಗಳೇ. ಗಂಟೆ ಹೊಡೆದು ಮಾನ ಉಳಿಸಿತು. ವೆಂಕೋಬ ಮಾಸ್ತರು ಬಾಗಿಲಲ್ಲೇ ಇದ್ದರು. "ಎತ್ತು ಬಿಡ್ರಿ ಟೀಚರ್, ಉರು ಹೊಡಸ್ರಿ," ಎಂದು ನಕ್ಕರು.

ಸಿಟ್ಟು ಬಂತು. ಸ್ವಲ್ಪ ಭಯವೂ.

16 ಜುಲೈ, ಶುಕ್ರವಾರ — ಸಂಜೆ

ಮುಗಿಯಿತು. ಕ್ರಮವಾಗಿ ಬರೆಯಬೇಕು.

ಇನ್‌ಸ್ಪೆಕ್ಟರ್ ಹಿಂದಿನ ಬೆಂಚಿನಲ್ಲಿ. ಪಕ್ಕದಲ್ಲಿ ಹೆಡ್‌ಮಾಸ್ತರ್. ಮತ್ತೆ ಅದೇ √72 ಬರೆದೆ, ಬೇಕೆಂದೇ.

"ಎರಡು ಎತ್ತು ಕೂಡಿ ನೇಗಿಲು ಎಳದ್ರ ಬೀಳೋದು ಎಷ್ಟು ಸಾಲು?"

"ಒಂದss ರೀ."

"ಹೊರಗ ಬರಿಯೋದು ಎತ್ತಲ್ಲ, ಆ ಸಾಲು. ಜೋಡಿಗೆ ಒಂದss."

2×3√2. ಅಂದರೆ 6√2. ನನ್ನ ಮಾತು ನಂಬಬೇಡಿ, ವರ್ಗ ಮಾಡಿ ನೋಡಿ ಅಂದೆ. 36 ಎರಡಲೆ 72. ಹುಡುಗಿಯರೇ ತಾಳೆ ನೋಡಿ ತಲೆದೂಗಿದರು.

ಇನ್‌ಸ್ಪೆಕ್ಟರ್ ಎದ್ದು ಬಂದು ತಾವೇ ಬರೆದರು: √6 × √3. ಇದನ್ನು ನಾನಿನ್ನೂ ಹೇಳಿಯೇ ಇರಲಿಲ್ಲ.

ನೀಲಗಂಗಮ್ಮ ಕೈ ಎತ್ತಿದಳು. "ಆರರಾಗ ಎರಡು, ಮೂರು ಅದಾವ್ರಿ. ಆ ಮನಿಯಾಗೂ ಮೂರು ಒಂಟಿ, ಈ ಮನಿಯಾಗೂ ಮೂರು ಒಂಟಿ. ಎರಡೂ ಮನಿಯವರು ಕೂಡಿ ಹೂಡ್ತಾರ. ಹೊರಗ ಒಂದು ಮೂರು, ಒಳಗ ಎರಡು." ಬರೆದಳು — 3√2.

ಇನ್‌ಸ್ಪೆಕ್ಟರ್ ಹೆಡ್‌ಮಾಸ್ತರ ಕಡೆ ತಿರುಗಿ, "ಈ ಕ್ಲಾಸು ಇವರ ಹತ್ರಾನೇ ಇರ್ಲಿ," ಎಂದರು. ಅಷ್ಟೇ. ಅಷ್ಟು ಸಾಕು.

19 ಜುಲೈ, ಸೋಮವಾರ

ಟೈಮ್‌ಟೇಬಲ್‌ನಲ್ಲಿ ಹತ್ತನೇ ಗಣಿತದ ಎದುರು ನನ್ನ ಹೆಸರೇ. ಖುಷಿಯಾಗಿದೆ, ಸುಳ್ಳು ಯಾಕೆ ಹೇಳಲಿ.

ಇವತ್ತು ಹೊಸ ಲೆಕ್ಕ: √(9+16). ಒಂಬತ್ತಕ್ಕೆ ಮೂರು, ಹದಿನಾರಕ್ಕೆ ನಾಲ್ಕು, ಒಟ್ಟು ಏಳು ಅಂದಳು ನೀಲಗಂಗಮ್ಮ. ತರಗತಿಯೆಲ್ಲ ಹೌದೆಂದಿತು. ಅಲ್ಲ, ಇಪ್ಪತ್ತೈದರ ಮೂಲ ಐದು ಅಂದೆ. "ಟೀಚರ್, ನಿಮ್ದss ತಪ್ಪಾಗ್ಯದ್ರಿ. ನಮಗ ಕಣ್ಣಿಗಿ ಕಾಣೂಹಂಗ ತೋರ್ಸ್ರಿ," ಅಂದಳು. ನನ್ನ ಮಾತು ನಂಬಬೇಡಿ ಅಂದವಳು ನಾನೇ. ಅನುಭವಿಸಬೇಕು.

ನಾಳೆ ಹಗ್ಗ ತಗೊಂಡು ಬಾ ಅಂದಿದ್ದೇನೆ. ಅಂಗಳದ ಮೂಲೆಯಿಂದ ಈ ಕಡೆ ಮೂರು ಮೊಳ, ಆ ಕಡೆ ನಾಲ್ಕು ಮೊಳ. ಎರಡು ತುದಿಗೂ ಓರೆಯಾಗಿ ಹಗ್ಗ ಎಳೆದು ಅವಳ ಕೈಯಿಂದಲೇ ಅಳೆಸಿದರೆ ಏಳಲ್ಲ, ಐದೇ ಮೊಳ ಬಂದು —

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ನೀಲಗಂಗಮ್ಮನ ದನಿ. "ಹಗ್ಗ ತಂದೀನ್ರಿ ಟೀಚರ್!" ನಾಳೆಯವರೆಗೆ ತಡೆಯಲಿಲ್ಲ.