ಪುಟದ ತಲೆಯ ಮೇಲಿನ ಶ್ರೀ

॥ ಶ್ರೀ ॥
ಮಾರ್ಚ್ 8, ಸಂಜೆ

ಗೇರುಬೀಜ ಫ್ಯಾಕ್ಟರಿಯಿಂದ ಬಂದು ಕೈ ತೊಳೆದು ಕೂತೆ. ಬೆರಳು ಉರಿ. ಸಿಪ್ಪೆಯ ಎಣ್ಣೆ ಪೆನ್ನಿಗೂ ಹತ್ತಿದೆ.

ಇಂದು ಮೆಗ್ನೀಸಿಯಂ. Mg + O₂ → MgO. ಬಲಕ್ಕೆ ಆಕ್ಸಿಜನ್ ಒಂದು ಕಡಿಮೆ. ನಾನು ಮಹಾ ಜಾಣೆ, MgO₂ ಎಂದು ತಿದ್ದಿದೆ. ನಾದಿನಿ ನಿಶ್ಮಿತಾ ತಲೆ ಚಚ್ಚಿಕೊಂಡಳು.

"ಅತ್ಗೆ, ಸಣ್ಣ ಅಂಕಿ ಮುಟ್ಟೂಕಾಗ! ಮುಟ್ರೆ ವಸ್ತುವೇ ಬೇರೆ ಆತ್ತ್. ಎದ್ರಿಗ್ ದೊಡ್ಡ ಅಂಕಿ ಹಾಕಿ."

ಕಾಲೇಜು ಹುಡುಗಿಯ ಕೈಲಿ ಬೈಸಿಕೊಳ್ಳಬೇಕು. ಆಗಲಿ. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕು. ನನಗೆ ಬಾಕಿ ಇರುವುದು ವಿಜ್ಞಾನ ಒಂದೇ. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ.

॥ ಶ್ರೀ ॥
ಮಾರ್ಚ್ 19

ಅಲ್ಯೂಮಿನಿಯಂ ಒಲಿಯಿತು! 4Al + 3O₂ → 2Al₂O₃. ಗಂಜಿ ಬಸಿಯುವಾಗಲೂ ಬಾಯಲ್ಲಿ ಅದೇ. ಅತ್ತೆ ಕೇಳಿದರು, "ಎಂತ ಮಂತ್ರ ಹೆಣೆ ಅದ್?"

ಇಲ್ಲದ್ದನ್ನು ತಂದು ಸೇರಿಸಬಾರದು, ನಿಶ್ಮಿತಾಳದು ಅದೊಂದೇ ಪಾಠ: "ಎಡ್ಬದಿಗ್ ಇಲ್ಲದ್ ಬಲ್ಬದಿಗ್ ಬಪ್ಪುಕಾಗ."

॥ ಶ್ರೀ ॥
ಏಪ್ರಿಲ್ 2, ಸಂಜೆ

ಪರೀಕ್ಷೆಗೆ ಅಲ್ಯೂಮಿನಿಯಂ ಬಂದಿತ್ತು! ಸರಿಯಾಗಿ ಬರೆದೆ. ಮೊದಲು ಪರೀಕ್ಷಾ ಕೊಠಡಿಯ ಮೇಡಂ ಏನೇನೋ ಸೂಚನೆ ಓದಿದರು. ಕಿವಿ ಕೊಡಲಿಲ್ಲ — ಎಲ್ಲಿ ಮರೆತೀತೋ ಎಂದು 4Al, 3O₂ ಜಪಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಶ್ಮಿತಾ ತಬ್ಬಿಕೊಂಡಳು. "ಪಾಸ್ ಅತ್ಗೆ, ಬರ್ದಿಟ್ಕಣಿ!"

ಈಗ ಮೇಲಿನ ಶ್ರೀ ನೋಡಿ ಕೈ ನಿಂತಿತು. ಅಲ್ಲಿಯೂ ಬರೆದಿದ್ದೇನೆ. ಉತ್ತರ ಪತ್ರಿಕೆಯ ಮೊದಲ ಪುಟದಲ್ಲಿ, ದುಂಡಗೆ. ಸಣ್ಣವಳಿದ್ದಾಗಿನಿಂದ ಶ್ರೀ ಇಲ್ಲದೆ ಬರೆದವಳಲ್ಲ. ದಿನಸಿ ಚೀಟಿಗೂ ಹಾಕುತ್ತೇನೆ. ಮೇಡಂ ಓದಿದ್ದರಲ್ಲಿ 'ದೇವರ ಹೆಸರು' ಎಂಬ ಮಾತಿತ್ತಲ್ಲವೇ? ಬರೆಯಿರಿ ಎಂದಂತೂ ಹೇಳಿರಲಾರರು...

ಏಪ್ರಿಲ್ 11

ಫ್ಯಾಕ್ಟರಿಯ ನಾಗುವನ್ನು ಕೇಳಿದೆ. ಅವಳ ಮಗಳೂ ಪರೀಕ್ಷೆ ಬರೆದವಳು. "ಎಂತ ಗುರ್ತೂ ಹಾಕೂಕಾಗ ಅಂದ್ ಹೇಳಿದ್ರಲೆ. ನಿಂಗ್ ಕೇಣ್ಲಿಲ್ಯಾ?"

ಹೆದರಿಕೆ. ಮನೆಯಲ್ಲಿ ಹೇಳಲಾರೆ. ಕೆಲಸಕ್ಕೆ ಹೋಗುವಾಗ ಯಾವ ಸೀರೆ ಎಂದು ನಿಶ್ಮಿತಾ ಈಗಲೇ ಆರಿಸುತ್ತಿದ್ದಾಳೆ.

ಮೇ 2, ಬೆಳಿಗ್ಗೆ

ಫಲಿತಾಂಶ ಬಂತು. ವಿಜ್ಞಾನದ ಎದುರು ಅಂಕವಿಲ್ಲ — 'ತಡೆಹಿಡಿಯಲಾಗಿದೆ'.

ನಿಶ್ಮಿತಾ ಫೋನ್ ಒರೆಸಿ ಒರೆಸಿ ನೋಡಿದಳು. ಈಗ ಅಳುತ್ತಿದ್ದಾಳೆ. "ನಾನ್ ಹೇಳ್ಕೊಟ್ಟದ್ದೇ ತಪ್ಪಾಯ್ತಾ ಅತ್ಗೆ?"

ಪೆನ್ನು ಹಿಡಿದು ಇಲ್ಲಿ ಬಂದು ಕೂತೆ. ನಿನ್ನ ಲೆಕ್ಕ ಸರಿ ಮಗಾ. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಆಕ್ಸಿಜನ್ ಆರಕ್ಕೆ ಆರು. ಇಲ್ಲದ್ದನ್ನು ತಂದು ಸೇರಿಸಿದವಳು ನಾನೇ, ಎಲ್ಲಕ್ಕಿಂತ ಮೇಲೆ, ಒಳ್ಳೆಯದಾಗಲಿ ಎಂದು —