ಹಿಡಿ ಅಕ್ಕಿಗೆ ಒಂದು ಹೆಸರು

ಕರ್ತನಲ್ಲಿ ನಿದ್ರೆಹೋಗಿರುವ ಅತ್ತೆಯವರಿಗೆ, ನಿಮ್ಮ ಅವಸರದ ಸೊಸೆ ಸುಶೀಲಾ ಮಾಡುವ ಸ್ತೋತ್ರಗಳು.

ನಾನು ಮದುವೆಯಾಗಿ ನರಸೀಪುರದ ಮನೆಗೆ ಬಂದ ಮರುದಿನವೇ ನೀವು ಅಡಿಗೆಮನೆಯಲ್ಲಿ ಒಂದು ಡಬ್ಬಿ ತೋರಿಸಿದಿರಿ. ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು, ಯಾರಾದರೂ ಒಬ್ಬರ ಹೆಸರನ್ನು ಯೇಸುವಿನ ಹತ್ತಿರ ಹೇಳಿ ಅದಕ್ಕೆ ಹಾಕಬೇಕು. ಭಾನುವಾರ ಚರ್ಚಿಗೆ ಕೊಂಡೊಯ್ದರೆ ಸಭೆಯ ಬಡವರಿಗೆ ಸಲ್ಲುತ್ತದೆ. “ಒಂದಿಡಿ ಅಕ್ಕಿ, ಒಂದೆಸ್ರು. ಅಷ್ಟೇ ಕಣವ್ವ,” ಎಂದಿರಿ. ನಂಜನಗೂಡಿನ ನನ್ನ ತವರಿನಲ್ಲೂ ಹಿಡಿ ಅಕ್ಕಿ ಎತ್ತಿಡುತ್ತಿದ್ದರು, ಆದರೆ ಹೆಸರಿನ ಗೊಡವೆ ಇರಲಿಲ್ಲ. ಇದೊಂದು ಹೊಸ ತಾಪತ್ರಯ ಎಂದುಕೊಂಡೆ. ಕ್ಷಮಿಸಿ, ಹಾಗೇ ಅಂದುಕೊಂಡೆ.

ನನ್ನ ಬೆಳಗು ಹೇಗಿರುತ್ತಿತ್ತೆಂದು ನೀವೇ ನೋಡಿದ್ದೀರಿ. ನಂಜನಗೂಡಿನ ಶಾಲೆಗೆ ಪಾಠ ಹೇಳಲು ಹೋಗುವ ಬಸ್ಸು ಹಿಡಿಯಬೇಕು, ಒಂದು ಕೈ ಜಡೆಯಲ್ಲಿ, ಇನ್ನೊಂದು ಒಗ್ಗರಣೆಯಲ್ಲಿ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ದಿನಾ ಎತ್ತಿಡುವುದನ್ನು ಬಿಟ್ಟು ಶನಿವಾರ ಸಂಜೆ ಒಂದೇ ಸಲ ಎರಡು ಪಾವು ಸುರಿದುಬಿಡುವುದು! ದಿನಾ ಹಿಡಿ ಹಾಕಿದ್ದಕ್ಕಿಂತ ಹೆಚ್ಚೇ ಆಗುತ್ತಿತ್ತು, ನನಗೆ ಹೆಮ್ಮೆ ಬೇರೆ. ಒಂದು ಶುಕ್ರವಾರ ನೀವು ಖಾಲಿ ಡಬ್ಬಿ ಅಲ್ಲಾಡಿಸಿ ನೋಡಿದಿರಿ. ನಾನು ನನ್ನ ಜಾಣತನವನ್ನೆಲ್ಲ ವಿವರಿಸಿದೆ.

“ಅಕ್ಕಿಗೋಸ್ಕರ ಯೇಸಪ್ಪ ಕಾಯ್ಕಂಡು ಕುಂತವ್ನಾ ಮಗ?” ಎಂದಿರಿ.

“ಭಾನುವಾರ ಎರಡು ಗಂಟೆ ಚರ್ಚಲ್ಲೇ ಕೂತು ಪ್ರಾರ್ಥನೆ ಮಾಡ್ತೀನಲ್ಲ ಅತ್ತೆ.”

“ವಾರದ್ ಉಸ್ರೆಲ್ಲ ಭಾನ್ವಾರ್ವೇ ಎಳ್ಕಬುಟ್ಟೀಯಾ?”

ನಾನು ನಕ್ಕು ಬಸ್ಸಿಗೆ ಓಡಿದೆ. ಮರುದಿನ ಮತ್ತೆ ಎರಡು ಪಾವು ಸುರಿದೆ.

ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ನೀವು ಹಾಸಿಗೆ ಹಿಡಿದಿರಿ. ಆಗ ಕೇಳಿಕೊಂಡದ್ದು ಒಂದೇ: “ದಿನಾ ನಮ್ ಗ್ರೇಸಿ ಎಸ್ರು ಯೋಳವ್ವ. ಬ್ಯಾರೆ ಯಾರ್ದೂ ಬ್ಯಾಡ.” ಗ್ರೇಸಿ, ನಿಮ್ಮ ಒಬ್ಬಳೇ ಮಗಳು, ಕವಲಂದೆಗೆ ಮದುವೆಯಾಗಿ ಹೋದವಳು. ನನ್ನ ತವರಿನವರು ಕೊಟ್ಟ ಪಾತ್ರೆಗಳನ್ನು ನೋಡಿ ಅವಳು ಮೂಗು ಮುರಿದಿದ್ದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ, ನಿನಗೇಕೆ ಈ ಮನೆಯ ಪಾತ್ರೆಯ ಚಿಂತೆ ಎಂದಿದ್ದೆ ನಾನು. ಅವತ್ತು ಹೊರಟವಳು ಮತ್ತೆ ನಮ್ಮ ಹೊಸ್ತಿಲು ತುಳಿದಿರಲಿಲ್ಲ; ನೀವು ಬಿದ್ದ ಸುದ್ದಿಯನ್ನು ನಿಮ್ಮ ಮಗ ಮುಟ್ಟಿಸಿದಾಗಲೂ ಬರಲಿಲ್ಲ. ಬೇಕಂತಲೇ ಅವಳ ಹೆಸರನ್ನು ನನ್ನ ಬಾಯಿಂದ ಹೇಳಿಸಬೇಕೆಂದಿದ್ದಿರಾ ಅತ್ತೆ?

ಪ್ರತಿ ಸಂಜೆ ನಾನು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದಿರಿ, “ಗ್ರೇಸಿ ಎಸ್ರು ಯೋಳ್ದಾ?” “ಹೇಳಿದೆ ಅತ್ತೆ,” ಎನ್ನುತ್ತಿದ್ದೆ. ಒಂದು ದಿನವೂ ಹೇಳಿರಲಿಲ್ಲ. ಆ ಹೆಸರು ಹಿಡಿದು ಯೇಸುವಿನ ಎದುರು ನಿಂತರೆ ನಾನಾಡಿದ ಮಾತನ್ನೂ ಹೇಳಬೇಕಾಗುತ್ತದಲ್ಲ... ಅದಕ್ಕಿಂತ ಅವನ ಜೊತೆ ಮಾತೇ ಬಿಡುವುದು ಸುಲಭವಾಗಿತ್ತು. ಮಾತು ಬಿಟ್ಟು ಎಷ್ಟು ಕಾಲವಾಯಿತೆಂಬುದೂ ನನಗೆ ತಿಳಿಯಲಿಲ್ಲ. ಚರ್ಚಿನಲ್ಲಿ ಮಾತ್ರ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದೆ.

ನೀವು ಹೋದ ದಿನ ನೆನೆದರೆ... ಬೇಸಿಗೆ, ಹೆಚ್ಚು ಹೊತ್ತು ಇಡಲಾಗುವುದಿಲ್ಲ ಎಂದರು. ಆಗಿನ್ನೂ ನಮ್ಮ ಮನೆಗೆ ಫೋನು ಬಂದಿರಲಿಲ್ಲ. ಕವಲಂದೆಗೆ ಸುದ್ದಿ ಮುಟ್ಟಿ ಗ್ರೇಸಿ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಹಸಿ ಮಣ್ಣಿನ ಮುಂದೆ ಸ್ವಲ್ಪ ಹೊತ್ತು ನಿಂತು, ನನ್ನ ಕಡೆ ನೋಡದೆ ಹೊರಟುಹೋದಳು. ತಾಯಿಯ ಮುಖ ನೋಡುವುದನ್ನೂ ನಾನು ಅವಳಿಗೆ ತಪ್ಪಿಸಿದೆ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ, ಬಸ್ಸು ಹೋದರೆ ಹೋಗಲಿ ಎಂದು ಹಿಡಿ ಅಕ್ಕಿ ತೆಗೆದು ಡಬ್ಬಿಯ ಮುಂದೆ ನಿಂತೆ. ‘ಗ್ರೇಸಿ’ ಅಂದೆ. ಮುಂದೆ ಏನೂ ಬರಲಿಲ್ಲ. ಮರುದಿನವೂ ಅಷ್ಟೇ. ಎಷ್ಟೋ ದಿನ ಹೀಗೇ ನಿಂತ ಮೇಲೆ ‘ತಪ್ಪು ನನ್ನದು ಕರ್ತನೇ’ ಎಂಬ ಮಾತು ಹೊರಟಿತು. ಅಷ್ಟೂ ಕಾಲ ಅವನು ನನ್ನನ್ನು ಬಿಟ್ಟು ಹೋಗಿರಲಿಲ್ಲ. ನೀವು ಮಾತ್ರ ಆ ಮಾತನ್ನು ಕೇಳಲು ಉಳಿದಿರಲಿಲ್ಲ.

ಹೋದ ಭಾನುವಾರ ಆರಾಧನೆ ಮುಗಿಸಿ, ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಕವಲಂದೆಗೆ ಹೋದೆ. ಎಷ್ಟು ಹತ್ತಿರ ಅತ್ತೆ! ನೀವು ಮಲಗಿದ್ದಷ್ಟು ದಿನವೂ ನಾನು ನಂಜನಗೂಡಿನವರೆಗೆ ಹೋಗಿ ಹೋಗಿ ತಿರುಗಿ ಬಂದಿದ್ದೆನಲ್ಲ. ಗ್ರೇಸಿ ಬಾಗಿಲಿಗೆ ಅಡ್ಡ ನಿಂತಳು.

“ಅವ್ವ ಮಲ್ಗಿದ್ದಾಗ ನೀವೊಂದ್ ಮಾತು ಬಾ ಅಂದಿದ್ರೆ ಓಡ್ಬತ್ತಿದ್ದೆ ಅತ್ಗೆ. ದಿನಾ ಕಾದೆ,” ಎಂದಳು.

ನಾನು ನಿಜ ಹೇಳಿದೆ. ನೀವು ದಿನಾ ಕೇಳಿದ್ದನ್ನೂ ಹೇಳಿದೆ, ನಾನು ದಿನಾ ಸುಳ್ಳಾಡಿದ್ದನ್ನೂ ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಹೋಗಿ ಎನ್ನಲಿಲ್ಲ, ಒಳಗೆ ಬನ್ನಿ ಎಂದೂ ಅನ್ನಲಿಲ್ಲ.

ನಾಳೆ ಶಾಲೆ ಬಿಟ್ಟ ಮೇಲೆ ಮತ್ತೆ ಹೋಗುತ್ತೇನೆ ಅತ್ತೆ. ನಾಡಿದ್ದೂ ಹೋಗುತ್ತೇನೆ. ಕರೆಯದಿದ್ದರೆ ಬಾಗಿಲಲ್ಲೇ ನಿಂತಿದ್ದು ಬರುತ್ತೇನೆ. ನಾನು ಕರೆಯಲೆಂದು ಅವಳು ಅಷ್ಟು ದಿನ ಕಾದಳಲ್ಲ, ಅವಳು ಕರೆಯುವವರೆಗೆ ನಾನೂ ಕಾಯುತ್ತೇನೆ.